ಗಾಹೆಯೊಳಗಣ ಕಥೆ: ಆರಾಧನಾ ಪರಂಪರೆಯಲ್ಲಿ ಅತಿ ಕಿರಿದಾದ ಕಥನ

ಶಿವಾರ್ಯರ ಭಗವತೀ ಆರಾಧನೆಯ ದೃಷ್ಟಾಂತಗಾಹೆಗಳನ್ನು ಕಥೆಗಳ ಬೀಜವೆಂದು ಕರೆದು, ಅಲ್ಲಿಂದ ಕೂಡಲೇ ಹರಿಷೇಣಾಚಾರ್ಯರ ಬೃಹತ್ಕಥಾಕೋಶಕ್ಕೂ ಕನ್ನಡದ ವಡ್ಡಾರಾಧನೆಗೂ ಸಾಗಿಬಿಡುವುದು ವಿದ್ವಾಂಸರಲ್ಲಿ ವಾಡಿಕೆ. ಕಥೆಗಳ ಮೂಲವನ್ನು ಗುರುತಿಸುವ ದೃಷ್ಟಿಯಿಂದ ಇದು ಸರಿಯೇ. ಆದರೆ ಗಾಹೆಯು ತನ್ನಷ್ಟಕ್ಕೆ ತಾನೇ ಪೂರ್ಣವಾದ ಕಥೆಯಾಗಬಲ್ಲುದೆ, ಅಷ್ಟು ಕಿರಿದಾದ ಕಥೆಯನ್ನು ರಚಿಸುವುದರಲ್ಲಿಯೂ ಕೇಳುವುದರಲ್ಲಿಯೂ ಇರುವ ಸೊಗಸು ಯಾವುದು ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಅವನ್ನು ಇಲ್ಲಿ ಪರಿಶೀಲಿಸಬಹುದು.

ವಡ್ಡಾರಾಧನೆಯ ೧೯ ಕಥೆಗಳಲ್ಲಿ ಪ್ರತಿಯೊಂದರ ತಲೆಯಲ್ಲಿಯೂ ಒಂದು ಪ್ರಾಕೃತ ಗಾಹೆಯಿದೆ. ಈ ಗಾಹೆಗಳು ಆರಾಧನೆಯ ಕವಚಾಧಿಕಾರಕ್ಕೆ ಸೇರಿದವು. ಗಾಹೆಯ ಪ್ರಮಾಣ ಪೂರ್ವಾರ್ಧದಲ್ಲಿ ೩೦, ಉತ್ತರಾರ್ಧದಲ್ಲಿ ೨೭, ಒಟ್ಟು ೫೭ ಮಾತ್ರೆ. ಇಷ್ಟರೊಳಗೆ ಸುಕುಮಾರಸ್ವಾಮಿಯ ಕಥೆ ಮುಗಿಯಬೇಕು. ಗಾಹಾಕಾರರು ಮೊದಲು ಹೆಣ್ಣುನರಿಯನ್ನು ಹೇಳುತ್ತಾರೆ. ಬಳಿಕ ಮೂರು ರಾತ್ರಿಯ ಅವಧಿಯನ್ನು, ಅದು ತಿನ್ನುತ್ತಿದ್ದುದನ್ನು, ಘೋರವಾದ ವೇದನೆಯನ್ನು. ಉತ್ತರಾರ್ಧದಲ್ಲಿ ಆರಾಧನೆಯ ಸಿದ್ಧಿಯನ್ನು, ಅದಕ್ಕೆ ಸಾಧನವಾದ ಧ್ಯಾನವನ್ನು. ಎಲ್ಲಕ್ಕೂ ಕೊನೆಯಲ್ಲಿ ಅವಂತಿಸುಕುಮಾಲನೆಂಬ ಹೆಸರನ್ನು. ನೋವಿನ ವಿವರವೆಲ್ಲ ಮುಗಿದ ಮೇಲೆ ಅದನ್ನು ತಾಳಿದವನ ಹೆಸರು ಬರುತ್ತದೆ. ಆ ಹೆಸರಿನ ಅರ್ಥವೋ ಕೋಮಲಾಂಗನೆಂದು. ಹೀಗೆ ಪದಗಳನ್ನು ಅಡಕಗೊಳಿಸಿದುದು ಬರಿಯ ಸೂಚನೆಯ ಕೆಲಸವಲ್ಲ, ಕಥನಕುಶಲರ ಕೆಲಸ.

ಗಾಹೆ ಹೇಳದೆ ಬಿಟ್ಟುದೂ ಅಷ್ಟೇ ಗಮನಾರ್ಹ. ನರಿ ಅವನನ್ನೇ ಏಕೆ ತಿಂದಿತು? ಈ ಪ್ರಶ್ನೆಗೆ ಕನ್ನಡ ಕಥೆ ಭವಾವಳಿಯ ಮೂಲಕ ಉತ್ತರಿಸುತ್ತದೆ: ಹಿಂದಿನ ಭವದಲ್ಲಿ ವಾಯುಭೂತಿಯಾಗಿದ್ದಾಗ ಅತ್ತಿಗೆಯನ್ನು ಕಾಲಿನಿಂದ ಒದೆದುದರಿಂದ ಅವಳು ನಿದಾನ ಕಟ್ಟಿ ನರಿಯಾಗಿ ಹುಟ್ಟಿದಳು. ಸುಕೋಶಳಸ್ವಾಮಿಯ ಗಾಹೆಯಲ್ಲಿಯೂ ಹೀಗೆಯೇ. ಅಲ್ಲಿರುವುದು ಹುಲಿಯ ಹೆಸರು ಮಾತ್ರ. ಆ ಹುಲಿ ಹಿಂದೆ ಅವನ ಹೆತ್ತ ತಾಯಿಯಾಗಿದ್ದಳೆಂಬುದು ಪರಂಪರೆಯನ್ನು ಬಲ್ಲವನಿಗೆ ಮಾತ್ರ ಹೊಳೆಯುತ್ತದೆ. ಹೊಳೆದೊಡನೆ ಆ ಒಂದು ಪದದ ಭಾರವೇ ಬೇರೆಯಾಗುತ್ತದೆ. ಕಥೆಯ ಅರ್ಧವನ್ನು ಕೇಳುವವನೇ ತುಂಬಿಕೊಳ್ಳಬೇಕಾಗಿರುವುದು ಕಿರಿದಾದ ಕಥೆಯ ಮುಖ್ಯ ಸೊಗಸು. ವಿಸ್ತಾರವಾದ ಕಥೆಯಲ್ಲಿ ಅವನು ಶ್ರೋತೃ, ಇಲ್ಲಿ ಸಹಕಾರಿ.

ಹಾಗಾದರೆ ಗಾಹಾಕಾರರು ಕಾರಣವನ್ನು ಬಿಟ್ಟು ಫಲವನ್ನು ಮಾತ್ರ ಹೇಳಿದುದೇಕೆ? ಈ ಕಥೆ ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದುದೆಂಬುದನ್ನು ನೋಡಿದರೆ ಉತ್ತರ ದೊರೆಯುತ್ತದೆ. ಸಂಸ್ತರದ ಮೇಲೆ ಮಲಗಿರುವ ಕ್ಷಪಕನು ಹಸಿವು, ನೀರಡಿಕೆ, ರೋಗಬಾಧೆಗಳಿಂದ ಚಲಿಸುವಾಗ ನಿರ್ಯಾಪಕಾಚಾರ್ಯನು ಅವನಿಗೆ ತೊಡಿಸುವ ರಕ್ಷೆಯೇ ಕವಚ. ಕ್ಷಪಕನ ಪರಿಚರ್ಯೆಗೆ ೪೮ ನಿರ್ಯಾಪಕರನ್ನು ವಿಧಿಸುವ ಗ್ರಂಥವು ಧರ್ಮಕಥೆ ಹೇಳುವುದಕ್ಕೆಂದೇ ಅವರಲ್ಲಿ ನಾಲ್ವರನ್ನು ನಿಯಮಿಸುತ್ತದೆ. ಎಂತಹ ಕಥೆ ಹೇಳಬೇಕೆಂಬುದಕ್ಕೂ ಕಟ್ಟಳೆಯುಂಟು: ಆಕ್ಷೇಪಣೀ, ಸಂವೇಜನೀ, ನಿರ್ವೇಜನೀ ಕಥೆಗಳು ಉಚಿತ, ಪರಮತದ ಚರ್ಚೆಗೆ ಎಳೆಯುವ ವಿಕ್ಷೇಪಣೀ ಕಥೆ ಆ ಹೊತ್ತಿಗೆ ಸಲ್ಲದು. ಕ್ಷಪಕನಲ್ಲಿ ಉಳಿದಿರುವ ಶಕ್ತಿ ಅಲ್ಪ, ಸಮಯ ಅಲ್ಪ. ನರಿಯ ಪೂರ್ವಭವ ಅವನಿಗೆ ಬೇಕಿಲ್ಲ. ಇದಕ್ಕಿಂತ ಘೋರವಾದುದನ್ನು ಒಬ್ಬನು ತಾಳಿದನೆಂಬುದು ಬೇಕು. ವಡ್ಡಾರಾಧನೆಯ ಗದ್ಯವಾದರೋ ಕಾರಣವನ್ನು ಕೇಳುವ ವಿರಾಮವುಳ್ಳವರಿಗೆ ಒದಗುವಂತಹದು. ಆದುದರಿಂದ ಎರಡು ರೂಪಗಳಲ್ಲಿ ಒಂದು ಅಪೂರ್ಣ, ಇನ್ನೊಂದು ಪೂರ್ಣ ಎನ್ನಲಾಗದು. ಪ್ರಯೋಜನ ಬೇರೆಯಾದುದರಿಂದ ಪ್ರಮಾಣವೂ ಬೇರೆಯಾಗಿದೆ.

ಚರಿತವಲ್ಲದ, ಕೇವಲ ಕಲ್ಪಿತವಾದ ಕಿರುಕಥೆಗೂ ಆಗಮ ಪರಂಪರೆಯಲ್ಲಿ ಮಾನ್ಯತೆಯುಂಟು. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರದಲ್ಲಿ ಉದುರುತ್ತಿರುವ ಹಣ್ಣೆಲೆಯೊಂದು ಚಿಗುರುಗಳೊಡನೆ ಮಾತನಾಡಿ, ಅವುಗಳಿಗೂ ಮುಂದೆ ಇದೇ ಗತಿಯೆಂದು ತಿಳಿಸುವ ಪ್ರಸಂಗವಿದೆ. ಎಲೆಗಳು ಹೀಗೆ ಮಾತನಾಡಿದುದಿಲ್ಲ, ಮುಂದೆ ಆಡುವುದೂ ಇಲ್ಲ, ಇದು ಭವ್ಯಜನರ ಬೋಧನೆಗಾಗಿ ಮಾಡಿದ ಉಪಮೆ ಎಂದು ಅಲ್ಲಿಯೇ ಸ್ಪಷ್ಟಪಡಿಸಿದೆ. ಸತ್ಯವ್ರತಕ್ಕೆ ಕುಂದು ಬಾರದಂತೆ ಕಲ್ಪನೆಗೆ ಎಡೆಗೊಟ್ಟ ರೀತಿ ಇದು. ಕಲ್ಪನೆ ಹೆಚ್ಚು ಹೊತ್ತು ನಿಂತಷ್ಟೂ ಕೇಳುವವನು ಅದರ ರಸದಲ್ಲಿಯೇ ನಿಲ್ಲುವ ಸಂಭವವುಂಟು. ಕಿರಿದಾದ ಕಥೆ ಅವನನ್ನು ಬೇಗನೆ ಅರ್ಥದ ಕಡೆಗೆ ಕಳುಹಿಸಿಬಿಡುತ್ತದೆ.

ಈ ವಿಚಾರಕ್ಕೆ ಗ್ರಂಥಸಂಪಾದನೆಯೊಡನೆ ನೇರವಾದ ಸಂಬಂಧವಿದೆ. ದೀರ್ಘವಾದ ಗದ್ಯದಲ್ಲಿ ಲಿಪಿಕಾರನು ಒಂದು ಮಾತನ್ನು ಬಿಟ್ಟರೂ ಕಥೆ ಮುಂದುವರಿಯುತ್ತದೆ. ಗಾಹೆಯಲ್ಲಿ ‘ಮೂರು ರಾತ್ರಿ’ ಎಂಬ ಪದವೊಂದು ಕೆಟ್ಟರೆ ತಾಳ್ಮೆಯ ಅಳತೆಯೇ ಹೋಯಿತು. ಪ್ರಾಕೃತವರಿಯದ ಕೈಗಳಲ್ಲಿ ಇಂತಹ ಗಾಹೆಗಳು ಕೆಡುವ ಸಂಭವ ಕನ್ನಡ ಗದ್ಯಕ್ಕಿಂತ ಹೆಚ್ಚು. ಡಾ. ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಪ್ರಕಟಿಸಿದ ಬೃಹತ್ಕಥಾಕೋಶದ ಪೀಠಿಕೆಯೂ, ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಹೊರತಂದ ವಡ್ಡಾರಾಧನೆಯೂ ಈ ಪರಂಪರೆಯ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿಕೊಟ್ಟಿವೆ. ಇನ್ನು ಆಗಬೇಕಾದುದು, ಹಸ್ತಪ್ರತಿಗಳಲ್ಲಿ ಕಥೆಗಳ ನಡುವೆ ಹುದುಗಿರುವ ದೃಷ್ಟಾಂತಗಾಹೆಗಳನ್ನು ಕಥೆಗಳೆಂದೇ ಎಣಿಸಿ, ಅವುಗಳ ಪಾಠಭೇದಗಳನ್ನು ಗದ್ಯಕ್ಕೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ಗುರುತಿಸುವುದು. ಹೀಗೆ ಮಾಡಿದಲ್ಲಿ ಆ ಗಾಹೆಗಳು ಕ್ಷಪಕನ ಕಿವಿಗೆ ಬಿದ್ದ ರೂಪದಲ್ಲಿಯೇ ನಮಗೂ ದೊರೆತಾವು.