‘ವೈಮಾನಿಕನ ತಪ್ಪು’ ಎಂಬ ಮಾತಿನ ಚರಿತ್ರೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು ಕಟ್ಟಿಸಿದ ಹೆಲಿಕಾಪ್ಟರ್ ಕಾರ್ಖಾನೆಯು 2023ನೆಯ ಇಸವಿ ಫೆಬ್ರವರಿ 6ರಂದು ಉದ್ಘಾಟಿತವಾಯಿತು. ಕಾವಲ್ ಎಂಬ ಹೆಸರೇ ಸೂಚಿಸುವಂತೆ ಇದು ಹಿಂದೆ ದನಗಳ ಮೇವಿಗಾಗಿ ಕಾದಿರಿಸಿದ ನೆಲ. ಅಲ್ಲಿ ಮೊದಲು ಕೈಗೊಂಡದ್ದು ಮೂರು ಟನ್ ವರ್ಗದ, ಒಂದೇ ಎಂಜಿನಿನ ಲಘು ಹೆಲಿಕಾಪ್ಟರಿನ ನಿರ್ಮಾಣವನ್ನು. ಯಂತ್ರದ ವಿಷಯವಾಗಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅದನ್ನು ನಡೆಸುವ ಮನುಷ್ಯನ ವಿಷಯವಾಗಿ ಬಂದುದು ಅತ್ಯಲ್ಪ. ಅಪಘಾತವಾದ ಮರುದಿನವೇ ಕೇಳಿಬರುವ ‘ವೈಮಾನಿಕನ ತಪ್ಪು’ ಎಂಬ ಮಾತಿನ ಅರ್ಥವು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು, ನಮ್ಮ ನಾಡಿನ ಒಂದು ಪ್ರಸಂಗವನ್ನು ಮುಖ್ಯವಾಗಿಟ್ಟುಕೊಂಡು, ಇಲ್ಲಿ ವಿಚಾರಿಸಲಾಗುವುದು.

ಇದೇ ಜಿಲ್ಲೆಯ ಕುಣಿಗಲ್ ಟಿಪ್ಪುವಿನ ಕಾಲದಿಂದಲೂ ಕುದುರೆಗಳಿಗೆ ಹೆಸರಾದುದು. ವಿಮಾನದ ಮಾತಿನಲ್ಲಿ ಕುದುರೆಯೇಕೆ ಎಂದು ವಾಚಕರು ಕೇಳಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನವರು ವಿಮಾನ ನಡೆಸಲು ಆಳುಗಳನ್ನು ಆರಿಸುವಾಗ ಕುದುರೆ ಸವಾರಿ ಬಲ್ಲವನೇ ಎಂದು ವಿಚಾರಿಸುತ್ತಿದ್ದರು. ಕೈ ಹಗುರವಾಗಿ, ಎದೆ ಗಟ್ಟಿಯಾಗಿದ್ದರೆ ಸಾಕೆಂಬುದು ಅಂದಿನ ಭಾವನೆ. ಬಿದ್ದವನು ಸವಾರನಾಗಲು ತಕ್ಕವನಲ್ಲವೆಂಬುದು ಅದರ ಫಲಿತಾರ್ಥ.

ಈ ಭಾವನೆಗೆ ಮೊದಲ ಪೆಟ್ಟು ಬಿದ್ದುದು 1943ರಲ್ಲಿ. ಅಮೆರಿಕದ ಬಿ-17 ಮೊದಲಾದ ವಿಮಾನಗಳ ವೈಮಾನಿಕರು ಕ್ಷೇಮವಾಗಿ ನೆಲಕ್ಕಿಳಿದ ಬಳಿಕ, ರೆಕ್ಕೆಯ ಅಂಚಿನ ಮಡಿಕೆಗಳನ್ನು ಎತ್ತುವ ಬದಲು ಚಕ್ರಗಳನ್ನೇ ಎತ್ತಿಬಿಟ್ಟು ವಿಮಾನವನ್ನು ಹೊಟ್ಟೆಯ ಮೇಲೆ ಕೆಡವುತ್ತಿದ್ದರು. ಡಕೋಟ ವಿಮಾನದಲ್ಲಿ ಮಾತ್ರ ಹೀಗಾಗುತ್ತಿರಲಿಲ್ಲ. ಆಲ್ಫಾನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಪರೀಕ್ಷಿಸಿ ನೋಡಲಾಗಿ, ತೊಂದರೆ ಕೊಡುತ್ತಿದ್ದ ವಿಮಾನಗಳಲ್ಲಿ ಎರಡು ಹಿಡಿಗಳೂ ಅಕ್ಕಪಕ್ಕದಲ್ಲಿದ್ದು ಒಂದೇ ಬಗೆಯಾಗಿದ್ದುವು. ಒಂದಕ್ಕೆ ಚಕ್ರದ ಆಕಾರವನ್ನೂ ಮತ್ತೊಂದಕ್ಕೆ ಬೆಣೆಯ ಆಕಾರವನ್ನೂ ಕೊಡಬೇಕೆಂದು ಆತನು ಸೂಚಿಸಿದನು. 1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಎಂಬವರು ಇಂತಹ 460 ಪ್ರಸಂಗಗಳನ್ನು ಕಲೆಹಾಕಿ, ತಪ್ಪೆನಿಸಿಕೊಂಡುದರ ಬಹುಭಾಗವು ಉಪಕರಣಗಳ ರಚನೆಯಲ್ಲಿಯೇ ಅಡಗಿರುವುದೆಂದು ತೋರಿಸಿದರು.

ಮೈಸೂರು ಸಂಸ್ಥಾನದಲ್ಲಿ ವಿಮಾನ ಕಾರ್ಖಾನೆ ಹುಟ್ಟಿದುದು 1940ರಲ್ಲಿ. ಟಾಟಾ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ 1942ರಲ್ಲಿ. ಮನುಷ್ಯನ ದೇಹಮನಸ್ಸುಗಳ ಶೋಧನೆಗೆ ವಾಯುಪಡೆಯವರು ಬೆಂಗಳೂರಿನಲ್ಲಿ ಶಾಲೆಯೊಂದನ್ನು ತೆರೆದುದಾದರೋ 1957ರಲ್ಲಿ. ಯಂತ್ರ ಮುಂದಾಗಿ ಮನುಷ್ಯ ಹಿಂದಾದುದು ಲೋಕದ ಇತರೆಡೆಗಳಲ್ಲಿಯೂ ಕಂಡುಬರುವ ಕ್ರಮವೇ.

ಇನ್ನು ಮುಖ್ಯ ಪ್ರಸಂಗ. ಕುಣಿಗಲ್ಲಿಗೆ ಆಗ್ನೇಯದಲ್ಲಿರುವ ಬಿಡದಿಯ ಬಳಿ, ಶೇಷಗಿರಿಹಳ್ಳಿಯಲ್ಲಿ, 2009ರ ಮಾರ್ಚ್ 6ರಂದು ‘ಸಾರಸ್’ ವಿಮಾನದ ಎರಡನೆಯ ಮಾದರಿಯು ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ಸಾರಸ್ ಬೆಂಗಳೂರಿನ ರಾಷ್ಟ್ರೀಯ ಪ್ರಯೋಗಾಲಯದವರು (ಎನ್.ಎ.ಎಲ್.) ರಚಿಸಿದ ಸಣ್ಣ ನಾಗರಿಕ ವಿಮಾನ. ಆ ದಿನದ ಕಾರ್ಯಗಳಲ್ಲಿ, ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ ಆಕಾಶದಲ್ಲಿಯೇ ಮತ್ತೆ ಹೊತ್ತಿಸಿ ನೋಡುವುದೂ ಒಂದಾಗಿದ್ದಿತು. ನಾಗರಿಕ ವಿಮಾನಯಾನ ಇಲಾಖೆಯ ತನಿಖೆಯು ವೈಮಾನಿಕರನ್ನು ಪೂರ್ತಿಯಾಗಿ ಬಿಡಲಿಲ್ಲ. ಸಾಲದಷ್ಟು ಎತ್ತರದಲ್ಲಿ ಆ ಕಾರ್ಯವನ್ನು ಕೈಗೊಂಡರೆಂದೂ ಪರಸ್ಪರ ಸಹಕಾರದಲ್ಲಿ ಕೊರತೆಯಿದ್ದಿತೆಂದೂ ಹೇಳಿತು. ಆದರೆ ಅದು ಕಾರಣವನ್ನು ಹೇಳುವಾಗ ಮೊದಲಿಟ್ಟುದು ಬೇರೊಂದನ್ನು: ಮರಳಿ ಹೊತ್ತಿಸುವುದಕ್ಕೆ ರಚನಕಾರರು ಗೊತ್ತುಮಾಡಿಕೊಟ್ಟ ಕ್ರಮವೇ ಸರಿಯಾದುದಾಗಿರಲಿಲ್ಲ. ಆ ಕ್ರಮವನ್ನು ಬರೆಯುವಾಗ ಪ್ರೊಪೆಲ್ಲರ್ ತಯಾರಿಸಿದವರನ್ನು ಕೇಳಿರಲಿಲ್ಲವೆಂಬುದನ್ನೂ ಅದು ಗುರುತಿಸಿತು. ಮಡಿದವರು ಎದ್ದು ಬಂದು ಉತ್ತರ ಹೇಳಲಾರರು. ಆದುದರಿಂದ ಹೊಣೆಯನ್ನು ಅವರ ಮೇಲೆಯೇ ಹೊರಿಸಿ ಕಡತವನ್ನು ಮುಚ್ಚುವುದು ಸುಲಭವಾಗಿದ್ದಿತು. ಹಾಗೆ ಮಾಡದೆ, ಆಕಾಶದಲ್ಲಿದ್ದ ಕೈಯನ್ನೂ ನೆಲದಲ್ಲಿ ಕುಳಿತು ಬರೆದ ಕೈಯನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿದುದು, ನನ್ನ ಅಭಿಪ್ರಾಯದಲ್ಲಿ, ಚಾಪಾನಿಸನ ಕಾರ್ಯದ ಸಾಲಿನಲ್ಲಿಯೇ ನಿಲ್ಲತಕ್ಕುದು.

ಮರುವರ್ಷ, 2010ರ ಮೇ 22ರಂದು, ಮಂಗಳೂರಿನಲ್ಲಿ 158 ಜನರ ಸಾವಿಗೆ ಕಾರಣವಾದ ಅಪಘಾತವು ಪ್ರಯಾಣಿಕ ವಿಮಾನದ್ದಾದುದರಿಂದ ನಮ್ಮ ವಿಷಯಕ್ಕೆ ತುಸು ಹೊರಗಿನದು. ಆದರೂ ಒಂದಂಶವನ್ನು ಬಿಡುವಂತಿಲ್ಲ. ಇಳಿಯುವ ಮೊದಲು ಮುಖ್ಯ ವೈಮಾನಿಕನು ಬಹು ಹೊತ್ತು ನಿದ್ರಿಸಿದ್ದನು. ಎಚ್ಚತ್ತ ಮೇಲೂ ಉಳಿದ ಮಂಕನ್ನು ತನಿಖೆಯವರು ಕಾರಣಗಳಲ್ಲಿ ಸೇರಿಸಿದರು. ಸಹಾಯಕನು ಮೂರು ಸಲ, ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಹೇಳಿದನು. ಹಿರಿಯನ ಕೈಯಿಂದ ಹಿಡಿಯನ್ನು ಕಿತ್ತುಕೊಳ್ಳಲು ಕಿರಿಯನಿಗೆ ಏಕೆ ಆಗಲಿಲ್ಲವೆಂಬುದು ವಿಮಾನಶಾಸ್ತ್ರಕ್ಕಿಂತ ನಮ್ಮ ಮನೆ, ಕಚೇರಿ, ಮಠಗಳ ನಡವಳಿಕೆಯನ್ನು ಬಲ್ಲವರಿಗೆ ಬೇಗ ತಿಳಿಯುವ ಪ್ರಶ್ನೆ.

ಗುಬ್ಬಿಯ ಕಾರ್ಖಾನೆಗೆ ಇವೆಲ್ಲದರ ಸಂಬಂಧ ಹತ್ತಿರದ್ದು. ಒಂದೇ ಎಂಜಿನಿನ ಹೆಲಿಕಾಪ್ಟರಿನಲ್ಲಿ ಆ ಎಂಜಿನ್ ನಿಂತೊಡನೆ ವೈಮಾನಿಕನು ಎಡಗೈಯ ದಂಡವನ್ನು ತಗ್ಗಿಸಿ, ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ಮೇಲಿನ ರೆಕ್ಕೆಗಳು ತಿರುಗುತ್ತಿರುವಂತೆ ಮಾಡಿಕೊಳ್ಳಬೇಕು. ಅವನಿಗೆ ದೊರೆಯುವ ಕಾಲ ಕೆಲವೇ ಸೆಕೆಂಡುಗಳು. ಕ್ರಮವನ್ನು ಬರೆದುಕೊಡುವವರಿಗೆ ಅಂತಹ ಅವಸರವಿಲ್ಲ. ಬಿದರೆಹಳ್ಳ ಕಾವಲಿನ ಚರಿತ್ರೆಯನ್ನು ಮುಂದೆ ಬರೆಯುವವರು, ಅಲ್ಲಿಂದ ಹೊರಟ ಯಂತ್ರಗಳ ಲೆಕ್ಕದೊಡನೆ ಈ ಕ್ರಮದ ಪುಸ್ತಕಗಳನ್ನೂ ಅವುಗಳಿಗೆ ಕಾಲಕಾಲಕ್ಕೆ ಮಾಡಿದ ತಿದ್ದುಪಡಿಗಳನ್ನೂ ಆಧಾರವಾಗಿ ಹಿಡಿಯಬೇಕಾಗುವುದು.