ಶಾಲೆ ಇಲ್ಲದ ವಿದ್ಯೆ: ಹೊಲಿಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತ ಹೆಸರಲ್ಲ. ಅಂದು ಪಾವಿಟ್ಟಗೆ ಎನಿಸಿದ್ದ ಈ ಊರಿನಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯ ವಿವರ ಕ್ರಿ.ಶ. 945ರ ಶಾಸನದಲ್ಲಿ ದೊರೆಯುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಶಾಲೆಯ ನಿರ್ವಹಣೆಗೆ 500 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ, ದೀಪದ ಎಣ್ಣೆಗೆ 12. ಊರಿನಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕಿತ್ತು. ಕಲಿಸುವವನ ಹೊಟ್ಟೆಪಾಡಿನ ಲೆಕ್ಕವನ್ನೂ ಕಲ್ಲಿನಲ್ಲಿ ಕೊರೆದಿಟ್ಟ ಊರು ಇದು.

ಆದರೆ ಅದು ಶಾಸ್ತ್ರ ಓದುವವರ ಶಾಲೆ. ಕೈಕಸುಬಿನ ವಿದ್ಯೆಗೆ ಅಲ್ಲಿ ಜಾಗವಿರಲಿಲ್ಲ. ಬಟ್ಟೆ ಕತ್ತರಿಸಿ ಹೊಲಿಯುವ ವಿದ್ಯೆ ಇದೇ ಸೀಮೆಯಲ್ಲಿ ಶತಮಾನಗಳ ಕಾಲ ದತ್ತಿಯೂ ಇಲ್ಲದೆ, ಶಾಲೆಯೂ ಇಲ್ಲದೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದಿತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದ. ಕಸುಬು ಅವನ ಹೆಸರಿನಲ್ಲೇ ಉಳಿದಿದೆ. ಅವನು ಯಾರಿಂದ ಕಲಿತ ಎಂಬುದು ಉಳಿದಿಲ್ಲ. ಮುಂದೆ ಶಿವಸಿಂಪಿ, ನಾಮದೇವ ಸಿಂಪಿ ಮನೆತನಗಳಲ್ಲಿ ತಂದೆಯೇ ಗುರು, ಅಂಗಡಿಯೇ ಪಾಠಶಾಲೆ.

ಅಂಗಡಿಗೆ ಸೇರಿದ ಹುಡುಗನಿಗೆ ಕತ್ತರಿ ಕೈಗೆ ಸಿಗುತ್ತಿರಲಿಲ್ಲ. ಮೊದಲು ಕಾಜಾ, ಗುಂಡಿ; ಆಮೇಲೆ ಕೈಹೊಲಿಗೆ; ಎಷ್ಟೋ ದಿನಗಳ ಮೇಲೆ ಮಷಿನ್ನು. ಕತ್ತರಿ ಕೊನೆಯದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಗಿರಾಕಿಯ ಬಟ್ಟೆಯೇ ಹೋಯಿತು. ಈ ಕ್ರಮ ಜಿಪುಣತನದಂತೆ ಕಂಡರೂ ಅದರ ಹಿಂದೆ ಲೆಕ್ಕಾಚಾರವಿತ್ತು.

ಹೆಣ್ಣುಮಕ್ಕಳು ಹೊಲಿಗೆಗೆ ಹೊಸಬರೇನಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವುದನ್ನು ಉತ್ತರ ಕರ್ನಾಟಕದ ಹೆಂಗಸರು ಅವ್ವನ ಪಕ್ಕ ಕುಳಿತೇ ಕಲಿತವರು. ಆದರೆ ಕೌದಿಗೆ ಅಳತೆಯ ಹಂಗಿಲ್ಲ. ಗುಳೇದಗುಡ್ಡದ ಖಣದಿಂದ ಹೊಲಿಯುತ್ತಿದ್ದ ಹಳೆಯ ಕುಪ್ಪಸಕ್ಕೂ ಅಳತೆಯ ಕಾಟ ಕಡಿಮೆ. ಖಣದ ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸಿ ಹೊಲಿದರೆ, ಮುಂದೆ ಎರಡು ತುದಿಗಳನ್ನು ಗಂಟು ಹಾಕಿಕೊಳ್ಳುವುದು. ಮೈ ತುಂಬಿದರೆ ಗಂಟು ಸಡಿಲ, ಸೊರಗಿದರೆ ಬಿಗಿ. ಹುಕ್ಕಿನ ಬ್ಲೌಸು ಬಂದಾಗ ಈ ಸೌಲಭ್ಯ ಹೋಯಿತು. ಹುಕ್ಕು ಗಂಟಿನಂತೆ ಸಡಿಲಾಗುವುದಿಲ್ಲ. ಮದುವೆಗೆ ಹೊಲಿಸಿದ ಬ್ಲೌಸು ಬಾಣಂತನ ಮುಗಿಸಿದವಳಿಗೆ ಹಿಡಿಯುವುದಿಲ್ಲ. ಬಿಚ್ಚಿ ಸರಿಪಡಿಸುವುದು, ಅಂದರೆ ಇಂದಿನ ಮಾತಿನಲ್ಲಿ ಆಲ್ಟರ್ ಮಾಡುವುದು, ಬೇರೆಯೇ ಒಂದು ವಿದ್ಯೆಯಾಗಿ ಬೆಳೆದದ್ದಕ್ಕೆ ಇದೊಂದು ಕಾರಣ.

ಅಷ್ಟರಲ್ಲಿ ಯಂತ್ರವೂ ಮನೆಯ ಬಾಗಿಲಿಗೆ ಬಂದಿತ್ತು. ಅಮೆರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಕಂತಿನ ಮಾರಾಟ ಅದನ್ನು ಬಡವರ ಕೈಗೂ ಎಟುಕಿಸಿತು. ಯಂತ್ರಗಳ ವ್ಯಾಮೋಹವನ್ನು ಟೀಕಿಸುತ್ತಿದ್ದ ಗಾಂಧೀಜಿಯೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಗತೊಡಗಿತು.

ಯಂತ್ರ ಬಂದರೂ ಕಲಿಸುವವರು ಬೇಕಲ್ಲ? ಗಂಡಸರ ಅಂಗಡಿಯಲ್ಲಿ ಕುಳಿತು ಕಲಿಯುವುದು ಹೆಣ್ಣುಮಕ್ಕಳಿಗೆ ಸುಲಭವಿರಲಿಲ್ಲ. ಹೀಗೆ ಮನೆಯ ಪಡಸಾಲೆಯಲ್ಲೇ ಮಷಿನ್ನು ಇಟ್ಟುಕೊಂಡು, ತಿಂಗಳಿಗಿಷ್ಟು ಎಂದು ಹಣ ಪಡೆದು ಕಲಿಸುವ ‘ಹೊಲಿಗೆ ಅಕ್ಕೋರು’ ಹುಟ್ಟಿಕೊಂಡರು. ಅಂಗಡಿಯ ಕ್ರಮ ಇಲ್ಲಿ ತಲೆಕೆಳಗಾಯಿತು. ಶುಲ್ಕ ಕೊಟ್ಟವಳು ವರ್ಷಗಟ್ಟಲೆ ಕಾಜಾ ಮಾಡುತ್ತ ಕೂರಲಾರಳು; ಕತ್ತರಿ ಬೇಗನೆ ಅವಳ ಕೈಗೆ ಬಂತು. ಬಟ್ಟೆ ಹಾಳಾಗದಿರಲೆಂದು ಹಳೆಯ ದಿನಪತ್ರಿಕೆಯ ಮೇಲೆ ಗೆರೆ ಎಳೆದು ಕತ್ತರಿಸುವ ಉಪಾಯವಿತ್ತು. ಎಷ್ಟೋ ಮನೆಗಳಲ್ಲಿ ಪತ್ರಿಕೆಯ ಉಪಯೋಗ ಓದಿಗಿಂತ ಇದಕ್ಕೇ ಹೆಚ್ಚಾಗಿತ್ತೆಂದರೆ ಪತ್ರಿಕೆಯವರು ಬೇಸರಿಸಬೇಕಿಲ್ಲ.

ಸರಿಪಡಿಸುವ ಪಾಠ ಹೊಸದನ್ನು ಹೊಲಿಯುವುದಕ್ಕಿಂತ ಕಠಿಣ. ಯಾವ ಹೊಲಿಗೆಯನ್ನು ಮೊದಲು ಬಿಚ್ಚಬೇಕು, ಹಳೆಯ ಸೂಜಿತೂತು ಹೊರಗೆ ಕಾಣದಂತೆ ಹೊಸ ಹೊಲಿಗೆ ಎಲ್ಲಿ ಬರಬೇಕು, ತೋಳು ಸಡಿಲಿಸಿದರೆ ಕಂಕುಳು ಏನಾಗುತ್ತದೆ, ಇವೆಲ್ಲ ಪಕ್ಕದಲ್ಲಿ ಕುಳಿತು ನೋಡಿಯೇ ತಿಳಿಯುವಂಥವು. ಬಲ್ಲವರು ಹೊಲಿಯುವಾಗಲೇ ಒಳಗೆ ಒಂದಿಂಚು ಬಟ್ಟೆ ಮಡಿಚಿಟ್ಟಿರುತ್ತಾರೆ. ತೊಡುವವಳ ಮುಂದಿನ ಹತ್ತು ವರ್ಷಗಳಿಗೆ ಇಟ್ಟ ಉಳಿತಾಯ ಅದು. ಸಿದ್ಧ ಉಡುಪಿನ ಕಾರ್ಖಾನೆ ಈ ಒಂದಿಂಚನ್ನು ಉಳಿಸಿಕೊಂಡು ಲಾಭ ಮಾಡಿಕೊಳ್ಳುತ್ತದೆ. ಅದಕ್ಕೇ ಅಂಗಡಿಯಲ್ಲಿ ಕೊಂಡ ಅಂಗಿಯನ್ನು ಬಿಗಿ ಮಾಡಬಹುದೇ ಹೊರತು ಸಡಿಲಿಸುವುದು ಕಷ್ಟ.

ಇಂದು ಐಟಿಐಗಳಲ್ಲಿ ಹೊಲಿಗೆಗೆ ಒಂದು ವರ್ಷದ ತರಬೇತಿಯಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಗುರು-ಶಿಷ್ಯ ಪರಂಪರೆಯನ್ನು ಬಲಪಡಿಸುವುದೂ ಯೋಜನೆಯ ಉದ್ದೇಶಗಳಲ್ಲಿ ಸೇರಿದೆ. ಭತ್ಯೆ ಕಲಿಯುವವರಿಗೆ. ಪಡಸಾಲೆಯಲ್ಲಿ ಕಲಿಸುವ ಅಕ್ಕೋರಿಗೆ ಪಾವಿಟ್ಟಗೆಯ ಗುರುವಿಗಿದ್ದಂತೆ 50 ನಿವರ್ತನ ಇನ್ನೂ ಯಾರೂ ಬರೆದುಕೊಟ್ಟಿಲ್ಲ. ಅವರದು ಈಗಲೂ ತಿಂಗಳಿಗಿಷ್ಟು ಎಂಬ ಲೆಕ್ಕವೇ.