ಕೇಡಗಾಂವದ ಪಂಡಿತೆ: ಕೊಟ್ಟವರ ಷರತ್ತು, ಬಂದವರ ಪಾಡು

ಸೊಲ್ಲಾಪುರದ ಕಡೆಯಿಂದ ಪುಣೆಗೆ ರೈಲಿನಲ್ಲಿ ಬರೋವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಅಂತ ಒಂದು ಸಣ್ಣ ಸ್ಟೇಷನ್ ಬರುತ್ತೆ. ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯೋಕೆ ಅಂತ ಪುಣೆ, ಮುಂಬೈಗೆ ಬಂದ ನಮ್ಮ ಜನ ಎಷ್ಟು ಸಲ ಇದನ್ನು ದಾಟಿದ್ದಾರೋ! ಪಂಡಿತಾ ರಮಾಬಾಯಿ ನೂರಾರು ಅನಾಥ ಹೆಣ್ಣುಮಕ್ಕಳಿಗಾಗಿ ಮುಕ್ತಿ ಸದನ ಕಟ್ಟಿದ್ದು ಇದೇ ಊರಲ್ಲಿ.

ಕಳೆದ ಮಾತುಕತೆಯ ನಂತರ ಹಲವರು ಕೇಳಿದ್ದರು: ಇವತ್ತು ಸಮಾಜಸೇವಾ ಸಂಸ್ಥೆ ನಡೆಸೋದು ಯಾಕಿಷ್ಟು ಕಷ್ಟ? ದುಡ್ಡಿನ ಮೂಲದ ಬಗ್ಗೆ ಸರ್ಕಾರಕ್ಕೆ ಅನುಮಾನ, ಉದ್ದೇಶದ ಬಗ್ಗೆ ಊರಿನವರಿಗೆ ಅನುಮಾನ, ಕೊಟ್ಟವರಿಗೆ ತಮ್ಮದೇ ಷರತ್ತು. ಇದೆಲ್ಲ ಹೊಸದು ಅಂತ ನಮಗೆ ಅನಿಸುತ್ತೆ. ಆದರೆ 130 ವರ್ಷದ ಹಿಂದೆ ಒಬ್ಬ ಹೆಂಗಸು ಈ ಮೂರನ್ನೂ ಒಟ್ಟಿಗೆ ಎದುರಿಸಿದ್ದಳು. ಆ ಕಥೆ ಒಂದೇ ಬಣ್ಣದ್ದಲ್ಲ. ಅದಕ್ಕೇ ಹೇಳಬೇಕು ಅನಿಸಿತು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಮನೆಮಾತು ಮರಾಠಿ. ಹೆಂಡತಿಗೆ ಸಂಸ್ಕೃತ ಕಲಿಸಿದರು ಅನ್ನೋ ಕಾರಣಕ್ಕೆ ಉಡುಪಿಯಲ್ಲಿ ವಿದ್ವಾಂಸರ ಮುಂದೆ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು ಆ ಮನುಷ್ಯ. ಮಗು ಆರು ತಿಂಗಳಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಸಂಸಾರ ಘಟ್ಟ ಇಳಿಯಿತು. ಆಮೇಲೆ ಊರೂರು ತಿರುಗಿ ಪುರಾಣ ಓದುವುದೇ ಜೀವನ. ಹೀಗೆ ತಿರುಗುತ್ತಲೇ ರಮಾಬಾಯಿ ಕನ್ನಡವನ್ನೂ ಕಲಿತರು.

1870ರ ದಶಕದ ಬರ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ಅಲೆಯುತ್ತಿದ್ದಾಗ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಶಾಸ್ತ್ರ ಬಲ್ಲ ಮನೆ. ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡೋಕೆ ನಾಚಿಕೆ. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಈಕೆಗೆ 'ಪಂಡಿತಾ', 'ಸರಸ್ವತಿ' ಅನ್ನೋ ಬಿರುದು ಕೊಟ್ಟರು. ಅಣ್ಣ ತೀರಿಕೊಂಡ ಮೇಲೆ ಬಂಗಾಳಿ ವಕೀಲರೊಬ್ಬರ ಜತೆ ಬೇರೆ ಜಾತಿಯಲ್ಲಿ ಮದುವೆ, ಒಬ್ಬಳು ಮಗಳು, 1882ರಲ್ಲಿ ವೈಧವ್ಯ. ಇಪ್ಪತ್ನಾಲ್ಕು ವಯಸ್ಸಿಗೆ ಒಬ್ಬರ ಬಾಳಲ್ಲಿ ಇಷ್ಟೆಲ್ಲ.

ಮುಂದೆ ಇಂಗ್ಲೆಂಡಿಗೆ ಹೋದರು, 1883ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಅಲ್ಲಿಂದ 1886ರಲ್ಲಿ ಅಮೆರಿಕಕ್ಕೆ. ಮರುವರ್ಷ ಮೇಲ್ಜಾತಿಯ ಹಿಂದೂ ಸ್ತ್ರೀಯರ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಹೆಸರಲ್ಲೇ ಒಂದು ಸಂಘ ಆಯಿತು. ಊರೂರಲ್ಲಿ ಅದರ ಶಾಖೆಗಳು ಸೇರಿ, ವರ್ಷಕ್ಕಿಷ್ಟು ಅಂತ ಹತ್ತು ವರ್ಷ ಹಣ ಕಳಿಸೋಕೆ ಒಪ್ಪಿದವು.

ಷರತ್ತು ಇಲ್ಲಿ ಶುರು. ಹಣ ಕೊಟ್ಟವರು ಕ್ರೈಸ್ತರೇ, ಆದರೆ ಬೇರೆಬೇರೆ ಪಂಗಡದವರು. ಹಾಗಾಗಿ ಶಾಲೆಯಲ್ಲಿ ಯಾವ ಧರ್ಮವನ್ನೂ ಬೋಧಿಸಬಾರದು ಅಂತ ನಿಯಮ. ಇದು ಪುಣೆ, ಮುಂಬೈನ ಸುಧಾರಕರಿಗೂ ಬೇಕಾಗಿತ್ತು. 1889ರ ಮಾರ್ಚ್ 11ರಂದು ಮುಂಬೈಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ನ್ಯಾಯಮೂರ್ತಿ ರಾನಡೆ, ಭಾಂಡಾರಕರ್ ಅಂಥವರೇ ಸಲಹಾ ಮಂಡಳಿಯಲ್ಲಿದ್ದರು. ಬ್ರಾಹ್ಮಣ ವಿಧವೆಯರಿಗೆ ಅವರ ಜಾತಿ ನಿಯಮದಂತೆಯೇ ಊಟದ ವ್ಯವಸ್ಥೆ. ಮರುವರ್ಷ ಸದನ ಪುಣೆಗೆ ಬಂತು.

ಈಗ ಬಿಕ್ಕಟ್ಟು ಎಲ್ಲಿ ಬಂತು ನೋಡಿ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜತೆ ಪ್ರಾರ್ಥನೆ ಮಾಡೋರು. ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕೂರೋಕೆ ಶುರು ಮಾಡಿದರು. ನಾನು ಕಲಿಸೋದಿಲ್ಲ, ಆದರೆ ಬಂದವರನ್ನು ಓಡಿಸೋದೂ ಇಲ್ಲ ಅನ್ನೋದು ಅವರ ನಿಲುವು. ತಿಲಕರ 'ಕೇಸರಿ' ಇದನ್ನು ಬಿಡಲಿಲ್ಲ, ಮತಾಂತರದ ಮನೆ ಅಂತ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ರಾಜೀನಾಮೆ ಕೊಟ್ಟರು. ಸುಮಾರು 25 ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಯಾರದು ಸರಿ? ರಾನಡೆಯವರ ಮಾತಲ್ಲಿ ತೂಕವಿತ್ತು ಅಂತಲೇ ನನ್ನ ಅಭಿಪ್ರಾಯ. ಹಿರಿಯರು ಒಂದು ಭರವಸೆಯ ಮೇಲೆ ಎಳೇ ಹೆಣ್ಣುಮಕ್ಕಳನ್ನು ಒಪ್ಪಿಸಿದ್ದರು. ಅನ್ನ, ಅಕ್ಷರ, ಆಸರೆ ಎಲ್ಲ ಕೊಡುವ ಕೈ ಪ್ರಾರ್ಥನೆಗೆ ಕೂತಾಗ, ತೆರೆದ ಬಾಗಿಲು ಬರೀ ತೆರೆದ ಬಾಗಿಲಾಗಿ ಉಳಿಯೋದಿಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಲ್ವಾ? ಆ 25 ಹುಡುಗಿಯರು ವಾಪಸ್ ಹೋಗಿದ್ದು ಎಲ್ಲಿಗೆ? ವಿಧವೆಯ ತಲೆ ಬೋಳಿಸಿ ಅಡುಗೆಮನೆಯ ಮೂಲೆಗೆ ತಳ್ಳುತ್ತಿದ್ದ ಕಾಲ ಅದು. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆ ವಿಧವೆಯರಿಗಾಗಿ ಆಶ್ರಮ ಶುರು ಮಾಡಿದ್ದು 1896ರಲ್ಲಿ. ಮಧ್ಯೆ ಮೂರು ವರ್ಷ! ಪತ್ರಿಕೆಯಲ್ಲಿ ವಾದ ಗೆದ್ದವರು ಆ ಮೂರು ವರ್ಷದ ಲೆಕ್ಕ ಕೊಡಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ. ಹಸಿವು ಅಂದರೇನು ಅಂತ ರಮಾಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅಷ್ಟರಲ್ಲಿ ಪುಣೆಗೆ ಪ್ಲೇಗು ಬಂದಿತ್ತು. ಇವರನ್ನೆಲ್ಲ ಊರೊಳಗೆ ಇಟ್ಟುಕೊಳ್ಳಬಾರದು ಅಂತ ಅಧಿಕಾರಿಗಳ ಆಜ್ಞೆ. ಆದಾಯಕ್ಕೆ ಹಣ್ಣಿನ ತೋಟ ಮಾಡೋಣ ಅಂತ ಕೇಡಗಾಂವದಲ್ಲಿ ಕೊಂಡಿದ್ದ ಜಮೀನಿತ್ತು. ಅಲ್ಲೇ ತಾತ್ಕಾಲಿಕ ಗುಡಿಸಲು ಹಾಕಿಸಿದರು. ಮುಕ್ತಿ ಸದನ ಹುಟ್ಟಿದ್ದು ಯೋಜನಾ ವರದಿಯಿಂದಲ್ಲ, ಬೇರೆಲ್ಲೂ ಜಾಗ ಇಲ್ಲದ್ದರಿಂದ.

ಅದೇ 1897ರಲ್ಲಿ ಸರ್ಕಾರದ ಜತೆಗೂ ಜಗಳ. ಪ್ಲೇಗು ಆಸ್ಪತ್ರೆ ಮತ್ತು ಕ್ಯಾಂಪುಗಳಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲ, ತಮ್ಮ ಸದನದ ಹುಡುಗಿಯೊಬ್ಬಳೇ ಅಲ್ಲಿ ಹಾಳಾದಳು ಅಂತ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದರು. ವಿಷಯ ಬ್ರಿಟನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಗವರ್ನರ್ ಸ್ಯಾಂಡ್‌ಹರ್ಸ್ಟ್ ಆರೋಪವನ್ನು ತಳ್ಳಿಹಾಕಿದರು. ಊರಿನವರ ಕಣ್ಣಲ್ಲಿ ಈಕೆ ಬಿಳಿಯರ ಏಜೆಂಟು, ಬಿಳಿಯ ಅಧಿಕಾರಿಗಳ ಕಣ್ಣಲ್ಲಿ ತಂಟೆಗಾರ್ತಿ. ದುರ್ಬಲರ ಜತೆ ಕೆಲಸ ಮಾಡುವವರಿಗೆ ಕಣ್ಣಿಗೆ ಬಿದ್ದದ್ದನ್ನು ಹೇಳಲೂ ಕಷ್ಟ, ಬಿಡಲೂ ಕಷ್ಟ. ಹೇಳಿದರೆ ಅನುಮತಿ ಕೊಡುವ ಕೈಯನ್ನೇ ಎದುರು ಹಾಕಿಕೊಂಡ ಹಾಗೆ.

ಬಾಸ್ಟನ್ನಿನ ಹಣ ಬರುತ್ತಿದ್ದದ್ದು ಮೇಲ್ಜಾತಿಯ ಬಾಲವಿಧವೆಯರ ಶಿಕ್ಷಣಕ್ಕೆ. ಬರದಲ್ಲಿ ಸಿಕ್ಕ ಮಕ್ಕಳು ಎಲ್ಲ ಜಾತಿಯವರು, ಎಷ್ಟೋ ಜನ ವಿಧವೆಯರೇ ಅಲ್ಲ. ಯಾರ ಕಷ್ಟಕ್ಕೆ ದುಡ್ಡು, ಯಾರ ಕಷ್ಟಕ್ಕೆ ಇಲ್ಲ ಅನ್ನೋದು ಸಮುದ್ರದಾಚೆ ತೀರ್ಮಾನ ಆಗಿಹೋಗಿತ್ತು. ಕೇಡಗಾಂವಕ್ಕೆ ಬೇರೆ ದಾನಿಗಳು ಸಿಕ್ಕರು, ಆದರೆ ಅವರಲ್ಲಿ ಹೆಚ್ಚಿನವರು ಧರ್ಮಪ್ರಚಾರದಲ್ಲಿ ನಂಬಿಕೆ ಇದ್ದವರು. ಮುಕ್ತಿ ಮುಚ್ಚುಮರೆ ಇಲ್ಲದೆ ಕ್ರೈಸ್ತ ಸಂಸ್ಥೆಯಾಯಿತು. 1900ರ ಹೊತ್ತಿಗೆ ಅಲ್ಲಿ ಒಂದೂವರೆ ಸಾವಿರದಷ್ಟು ಜನ. ನೇಯ್ಗೆ, ಎಣ್ಣೆ ಗಾಣ, ಹೈನು, ಹೆಣ್ಣುಮಕ್ಕಳೇ ನಡೆಸುವ ಮುದ್ರಣಾಲಯ, ಕುರುಡರಿಗೆ ಬ್ರೈಲ್ ಪಾಠ, ಎಲ್ಲ ಇತ್ತು. ಆ ಕಾಲಕ್ಕೆ ಇದು ಅಸಾಧ್ಯವಾದ ಕೆಲಸ. ಆದರೆ ಹಸಿದು ಬಂದ ಮಗುವಿಗೆ, ನಿಮ್ಮ ಅನ್ನ ಬೇಕು, ನಿಮ್ಮ ದೇವರು ಬೇಡ ಅನ್ನೋ ಆಯ್ಕೆ ಇತ್ತಾ? ಇರಲಿಲ್ಲ. ರಮಾಬಾಯಿಯವರನ್ನು ಮೆಚ್ಚುವವರೂ ಈ ಪ್ರಶ್ನೆಯನ್ನು ದಾಟಿ ಹೋಗಬಾರದು.

ಇವತ್ತಿಗೆ ಬಂದರೆ, ವಿದೇಶಿ ದೇಣಿಗೆ ನಿಯಂತ್ರಣಕ್ಕೆ 1976ರಲ್ಲಿ ಒಂದು ಕಾಯ್ದೆ, 2010ರಲ್ಲಿ ಹೊಸದು. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ಹಂಚುವ ಹಾಗಿಲ್ಲ. ಲೆಕ್ಕ ಕೇಳೋದು ತಪ್ಪಲ್ಲ. ಆದರೆ ಹಳ್ಳಿಯ ಸಣ್ಣ ಸಂಸ್ಥೆಗಳು ಬದುಕಿದ್ದೇ ದೊಡ್ಡ ಸಂಸ್ಥೆಗಳ ಮೂಲಕ ಬರುತ್ತಿದ್ದ ಹಣದಿಂದ. ಆ ದಾರಿ ಮುಚ್ಚಿದ ಮೇಲೆ ಅಲ್ಲಿಯ ಮಕ್ಕಳು ಎಲ್ಲಿ ಹೋದರು ಅನ್ನೋದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ರಮಾಬಾಯಿ ಮುಂದೆ ಕಲಬುರಗಿಯಲ್ಲೂ, ಅಂದರೆ ನಿಜಾಮರ ಸೀಮೆಯಲ್ಲಿ, ಹೆಣ್ಣುಮಕ್ಕಳ ಶಾಲೆ ತೆರೆದರು. ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು, ತಾಯಿ 1922ರ ಏಪ್ರಿಲ್ 5ರಂದು. ಮುಕ್ತಿ ಇಂದಿಗೂ ನಡೆಯುತ್ತಿದೆ.

ಒಂದು ವಿಷಯ ಬಿಟ್ಟೆ. ಶಾರದಾ ಸದನಕ್ಕೆ ಬಂದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಗಲಾಟೆ ಆದ ಆ 1893ರಲ್ಲೇ ಆಕೆ ಮದುವೆಯಾಗಿದ್ದು ಮೇಲೆ ಹೇಳಿದ ಕರ್ವೆಯವರನ್ನ. ವಿಧವೆಯನ್ನು ಮದುವೆಯಾದರು ಅಂತ ಕರ್ವೆಯವರ ಊರು ಮುರುಡದಲ್ಲಿ ಬಹಿಷ್ಕಾರ. ಅದರಿಂದ ಪಾಠ ಕಲಿತ ಕರ್ವೆ, ತಮ್ಮ ಆಶ್ರಮವನ್ನು ಮತದ ಜಗಳದಿಂದಷ್ಟೇ ಅಲ್ಲ, ವಿಧವಾ ವಿವಾಹದ ಚಳವಳಿಯಿಂದಲೂ ದೂರ ಇಟ್ಟರು. ಇಲ್ಲದಿದ್ದರೆ ಯಾರೂ ಮಗಳನ್ನು ಕಳಿಸುತ್ತಿರಲಿಲ್ಲ, ಚಂದಾ ಕೊಡುತ್ತಿರಲಿಲ್ಲ. ಆ ಆಶ್ರಮಕ್ಕೆ ಊರೂರು ಅಲೆದು ಚಿಲ್ಲರೆ ಕಾಸು ಕೂಡಿಸಿದವರಲ್ಲಿ ಈ ಗೋದೂಬಾಯಿಯೂ ಒಬ್ಬರು. ಅವರ ಕಥೆಯನ್ನೇ ಮುಂದಿನ ಮಾತುಕತೆಯಲ್ಲಿ ನೋಡೋಣ. ಪುಣೆಯಲ್ಲಿರೋ ಕೇಳುಗರು ಅಷ್ಟರಲ್ಲಿ ಒಮ್ಮೆ ಹಿಂಗಣೆ ಕಡೆ ಹೋಗಿ ಬನ್ನಿ.